ಕಿತ್ತರೆ ನಿಲ್ಲಬೇಕು

ಅಪ್ಪನಿಗೆ ಲಕ್ವ ಹೊಡೆದದ್ದು 2019ರ ಕೊನೆಯಲ್ಲಿ. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಂತುಹೋಯಿತು. ಮೈಸೂರಿನ ಆಸ್ಪತ್ರೆಯಿಂದ ಪಾಂಡವಪುರದ ಮನೆಗೆ ಕರೆತರುವಾಗ ಫಿಜಿಯೋಥೆರಪಿಯವರು ಒಂದೇ ಮಾತನ್ನು ಒತ್ತಿ ಹೇಳಿದರು: ಆ ಕೈಯನ್ನು ಸುಮ್ಮನೆ ಬಿಡಬೇಡಿ. ತಳ್ಳುವುದು, ಎಳೆಯುವುದು, ಇಷ್ಟನ್ನೇ ದಿನಕ್ಕೆ ನೂರಾರು ಸಲ ಮಾಡಿಸಿ. ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಹಿಸುಕಲು ಮೆತ್ತನೆಯ ಚೆಂಡು ಕೊಟ್ಟರು, ಮರದ ಗೂಟಗಳ ಹಲಗೆ ಕೊಟ್ಟರು. ಅಪ್ಪ ಕೆಲವು ದಿನ ಮಾಡಿ ಚೆಂಡನ್ನು ಮಂಚದ ಕೆಳಕ್ಕೆ ಉರುಳಿಸಿಬಿಟ್ಟರು. ಮಕ್ಕಳಾಟ ಎಂಬ ಬೇಸರ ಅವರ ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು. ಮನೆಗೆ ಬಂದು ಕೈಕಾಲು ಆಡಿಸುತ್ತಿದ್ದ ಹುಡುಗನೂ ಬರುವಂತಿರಲಿಲ್ಲ. ನನ್ನ ಮೋಟರ್ ವೈಂಡಿಂಗ್ ಅಂಗಡಿಯ ಬಾಗಿಲೂ ಮುಚ್ಚಿತು.

ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದವರು. ಸಿಗ್ನಲ್ ಕಂಬ, ತಂತಿ, ರಾಟೆ, ಪಾಯಿಂಟಿನ ರಾಡು, ಲಿವರ್ ಚೌಕಟ್ಟು, ಇವುಗಳ ನಡುವೆಯೇ ಆಯುಸ್ಸು ಕಳೆದವರು. ಹುಡುಗನಾಗಿದ್ದಾಗ ಎಣ್ಣೆ ಡಬ್ಬಿ ಹಿಡಿದು ನಾನು ಅವರ ಹಿಂದೆ ಹಳಿಯ ಪಕ್ಕ ನಡೆದದ್ದುಂಟು. ಸಿಗ್ನಲಿನ ಲಿವರ್ ಎಳೆಯುವುದು ಬರೀ ತೋಳಿನ ಕೆಲಸವಲ್ಲ. ಒಂದು ಕಾಲನ್ನು ಚೌಕಟ್ಟಿಗೆ ಕೊಟ್ಟು, ಹಿಡಿಯ ಹಿಂದಿನ ಕ್ಯಾಚ್ ಅದುಮಿ, ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟರೆ ದೂರದ ಕಂಬದಲ್ಲಿ ಕೈಮರ ಇಳಿಯುತ್ತದೆ. ಚೆಂಡು ಹಿಸುಕಲು ಒಲ್ಲದ ಕೈ ಲಿವರ್ ಕೊಟ್ಟರೆ ಎಳೆದೀತು ಎಂದು ನನಗೆ ಅನ್ನಿಸಿತು. ಆದರೆ ಬರೀ ಲಿವರ್ ಎಷ್ಟು ಹೊತ್ತು ಎಳೆಸುವುದು? ಎಳೆದರೆ ಏನಾದರೂ ಓಡಬೇಕು, ಬಿಟ್ಟರೆ ನಿಲ್ಲಬೇಕು. ಮನೆಯಲ್ಲೇ ಮಾದರಿ ರೈಲಿನ ಡಿಜಿಟಲ್ ಕಂಟ್ರೋಲರ್ ಕಟ್ಟುವ ಕೆಲಸಕ್ಕೆ ನಾನು ಇಳಿದದ್ದು ಹೀಗೆ.

ನಿವೃತ್ತಿಯಾದ ಮೇಲೆ ಅಪ್ಪ ಬೆಂಗಳೂರಿನ ಪರಿಚಯದವರೊಬ್ಬರಿಂದ ಹಳೆಯ ಎಚ್‌ಒ ಸೆಟ್ ಒಂದನ್ನು ಕೊಂಡು ತಂದಿದ್ದರು. ಎಚ್‌ಒ ಎಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ, ಹಳಿಗಳ ನಡುವಿನ ಅಗಲ 16.5 ಮಿಲಿಮೀಟರ್. ಎರಡು ಎಂಜಿನ್, ಕೆಲವು ಬೋಗಿ, ಗೋಣಿಚೀಲದ ತುಂಬ ಹಳಿ. ಅಟ್ಟದ ಮೇಲಿದ್ದ ಅದನ್ನು ಇಳಿಸಿದೆ. ನನ್ನ ಭಾಮೈದ ಕೆ.ಆರ್. ಪೇಟೆಯಲ್ಲಿ ಬಡಗಿ. ಓಡಾಟಕ್ಕೆ ಬಿಡುವು ಸಿಕ್ಕ ಕೂಡಲೇ ಎರಡು ಪ್ಲೈವುಡ್ ಹಲಗೆ ತಂದು, ಕುರ್ಚಿಯಲ್ಲಿ ಕೂತವರ ಎದೆಮಟ್ಟಕ್ಕೆ ಬರುವಂತೆ ನಡುಮನೆಯಲ್ಲಿ ಮೇಜು ಮಾಡಿಕೊಟ್ಟ.

ಹಳಿ ಹೇಗೆ ಹಾಸಬೇಕೆಂದು ನಾವು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ನಮ್ಮ ಈ ನಾಲ್ಕು ತಾಲ್ಲೂಕುಗಳ ರೈಲು ದಾರಿ ಒಂದು ಉಂಗುರ. ಬೆಂಗಳೂರಿನಿಂದ ಹೊರಟ ಮೀಟರ್‌ಗೇಜ್ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. 1876–78ರ ಭೀಕರ ಬರದ ಬೆನ್ನಿಗೆ ಸಂಸ್ಥಾನ ಕಟ್ಟಿಸಿದ ದಾರಿ ಅದು. ಪಾಂಡವಪುರ, ಶ್ರೀರಂಗಪಟ್ಟಣ ಅದರ ಮೇಲೇ ಇವೆ. ಕೆ.ಆರ್. ಪೇಟೆ ಪಟ್ಟಣಕ್ಕೆ ರೈಲಿಲ್ಲ, ಆದರೆ ಆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆ ಎರಡೂ ಮೈಸೂರು–ಹಾಸನ–ಅರಸೀಕೆರೆ ದಾರಿಯ ನಿಲ್ದಾಣಗಳು. ನಾಗಮಂಗಲ ತಾಲ್ಲೂಕು ರೈಲು ಕಾಣಲು ಬಹಳ ಕಾಲ ಕಾಯಬೇಕಾಯಿತು. 2017ರಲ್ಲಿ ಬೆಂಗಳೂರು–ಹಾಸನ ದಾರಿ ಪೂರ್ತಿಯಾದ ಮೇಲೆ ಬೆಳ್ಳೂರು ಕ್ರಾಸ್ ಬಳಿಯ ಬಿ.ಜಿ. ನಗರದಲ್ಲಿ ರೈಲು ನಿಲ್ಲತೊಡಗಿತು. ಬೆಂಗಳೂರು, ಮೈಸೂರು, ಹಾಸನ, ಮತ್ತೆ ಬೆಂಗಳೂರು ಎಂದು ಉಂಗುರ ಕೂಡಿಕೊಂಡಿತು. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು, ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನು, ಒಡೆಯದೆ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಅಪ್ಪ ಅದನ್ನು ನೋಡಲು ಹೋಗಿ ದಿನವೆಲ್ಲ ಅಲ್ಲೇ ನಿಂತಿದ್ದರು. ನಮ್ಮ ಹಲಗೆಯ ಮೇಲಿನ ಉಂಗುರದಲ್ಲಿ ನಾಲ್ಕು ನಿಲ್ದಾಣ ಇಟ್ಟೆವು: ಶ್ರೀರಂಗಪಟ್ಟಣ, ಪಾಂಡವಪುರ, ಬಿ.ಜಿ. ನಗರ, ಅಕ್ಕಿಹೆಬ್ಬಾಳು.

ಮೊದಲು ಹಳೆಯ ಡಿಸಿ ಪದ್ಧತಿಯಲ್ಲೇ ಓಡಿಸಿದೆ. ಎರಡು ಹಳಿಗೆ ವೋಲ್ಟೇಜ್ ಕೊಟ್ಟರೆ ಎಂಜಿನ್ ಓಡುತ್ತದೆ, ಹೆಚ್ಚಿಸಿದರೆ ವೇಗ, ತಿರುಗಿಸಿ ಕೊಟ್ಟರೆ ಹಿಂದಕ್ಕೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಡಗೈಯಿಂದ ಇನ್ನೊಂದು ಎಂಜಿನ್ ತೋರಿಸಿ, ಅದನ್ನೂ ಇಡು ಎಂದು ಸನ್ನೆ ಮಾಡಿದರು. ಇಟ್ಟರೆ ಎರಡೂ ಒಟ್ಟಿಗೇ ಓಡಿದವು, ಒಟ್ಟಿಗೇ ನಿಂತವು. ಅಪ್ಪ ತಲೆಯಾಡಿಸಿದರು. ಅವರಿಗೆ ಬೇಕಾಗಿದ್ದು ಕ್ರಾಸಿಂಗ್: ಏಕಮಾರ್ಗದಲ್ಲಿ ಒಂದು ಗಾಡಿ ನಿಲ್ದಾಣದ ಲೂಪಿಗೆ ಬಂದು ಕಾಯಬೇಕು, ಎದುರಿನದು ದಾಟಬೇಕು, ಆಮೇಲೆ ಇದು ಹೊರಡಬೇಕು. ಅವರ ಇಡೀ ಸರ್ವಿಸು ನಡೆದದ್ದೇ ಆ ಕೆಲಸದ ಸುತ್ತ. ಅದಿಲ್ಲದ ರೈಲಿನ ಲಿವರನ್ನು ಅವರು ಮುಟ್ಟುವಂತಿರಲಿಲ್ಲ.

ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಬೇರೆ ಬೇರೆಯಾಗಿ ಓಡಿಸುವ ವಿದ್ಯೆಗೆ ಡಿಸಿಸಿ ಎಂದು ಹೆಸರು. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಈ ಪದ್ಧತಿಯನ್ನು ಅಮೆರಿಕದ ಮಾದರಿ ರೈಲು ಸಂಘವಾದ ಎನ್‌ಎಂಆರ್‌ಎ 1990ರ ದಶಕದಲ್ಲಿ ಎಲ್ಲರಿಗೂ ಒಪ್ಪಿತವಾದ ಮಾನದಂಡವನ್ನಾಗಿ ಮಾಡಿತು. ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಆದರೆ ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತದೆ. ಆ ಬದಲಾವಣೆಯ ಅವಧಿಯಲ್ಲೇ ಸಂದೇಶ ಅಡಗಿದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಪುಟ್ಟ ಬೋರ್ಡ್ ಇರುತ್ತದೆ, ಅದಕ್ಕೊಂದು ನಂಬರ್. ನಮ್ಮ ನಾಲೆಯಲ್ಲಿ ನೀರುಗಂಟಿ ಹೆಸರು ಕೂಗಿದವನು ಮಾತ್ರ ತೂಬು ಎತ್ತುವ ಹಾಗೆ, ನೀರು ಎಲ್ಲರ ಗದ್ದೆಯ ಮುಂದೆ ಹರಿದರೂ ಕರೆದ ನಂಬರಿನ ಎಂಜಿನ್ ಮಾತ್ರ ಆಜ್ಞೆ ಪಾಲಿಸುತ್ತದೆ.

ಸಿದ್ಧ ಕಂಟ್ರೋಲರ್ ವಿದೇಶದಿಂದ ಬರಬೇಕು. ಬೆಲೆಯ ಮೇಲೆ ಸುಂಕ, ಅದರ ಮೇಲೆ ಸಾಗಣೆ. ಅಂಗಡಿ ಮುಚ್ಚಿದ್ದ ಕಾಲದಲ್ಲಿ ಅಷ್ಟು ದುಡ್ಡು ನನ್ನ ಬಳಿ ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ಅವುಗಳ ಗುಂಡಿಗಳು ಉಗುರಿನಷ್ಟು ಚಿಕ್ಕವು. ಅಪ್ಪನ ಬಲಗೈಯ ಬೆರಳುಗಳು ಬಿಚ್ಚುತ್ತಲೇ ಇರಲಿಲ್ಲ. ಅಂಗೈಯ ಬುಡದಿಂದ ತಳ್ಳುವ, ಮಣಿಕಟ್ಟಿನಿಂದ ಎಳೆಯುವ ದಪ್ಪ ಲಿವರ್ ಬೇಕಿತ್ತು. ಅಂಥದ್ದು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಕಟ್ಟಲೇಬೇಕಾಯಿತು.

ನಾನು ಐಟಿಐ ಓದಿದವನು. ಮೋಟರ್ ಸುತ್ತುವುದು, ಸ್ಟಾರ್ಟರ್ ರಿಪೇರಿ, ಟ್ರಾನ್ಸ್‌ಫಾರ್ಮರ್ ಸುತ್ತುವುದು ಗೊತ್ತು. ಮೈಕ್ರೋಕಂಟ್ರೋಲರ್ ನನಗೆ ಹೊಸದು. ಅಕ್ಕನನ್ನು ನಾಗಮಂಗಲದ ಕಡೆ ಕೊಟ್ಟಿದೆ, ಅವಳ ಮಗ, ನನ್ನ ಅಳಿಯ, ಆಗ ಎಂಜಿನಿಯರಿಂಗ್ ಓದುತ್ತಿದ್ದ. ಕಾಲೇಜು ಮುಚ್ಚಿದ್ದರಿಂದ ನಮ್ಮ ಮನೆಗೇ ಬಂದು ಉಳಿದ. ಅವನ ಹತ್ತಿರ ಒಂದು ಆರ್ಡ್ವಿನೋ ಊನೋ ಬೋರ್ಡ್, ಒಂದು ಎಲ್298 ಮೋಟರ್ ಡ್ರೈವರ್ ಇದ್ದವು. ಟ್ರಾನ್ಸ್‌ಫಾರ್ಮರನ್ನು ನಾನೇ ಸುತ್ತಿದೆ. ಡಯೋಡ್, ಕೆಪಾಸಿಟರ್ ಸತ್ತ ಯುಪಿಎಸ್‌ಗಳ ಹೊಟ್ಟೆಯಿಂದ ಬಂದವು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು ತೆರೆಯುವವರೆಗೆ ಹೊಸ ಸಾಮಾನು ಸಿಗುವಂತಿರಲಿಲ್ಲ. ಒಂದು ಚಿಪ್ ಸುಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಎಲ್ಲರೂ ಮಲಗಿದ ಮೇಲೆ ನಡುಮನೆಯ ದೀಪದಡಿ ಬೆಸುಗೆ ಹಾಕುತ್ತಿದ್ದೆ. ಪಕ್ಕದ ಮಂಚದಲ್ಲಿ ಅಪ್ಪ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು.

ಡಿಕೋಡರ್ ಕೂರಿಸುವ ಕೆಲಸ ಬಹಳ ಸತಾಯಿಸಿತು. ಅದರಿಂದ ಹೊರಡುವ ತಂತಿಗಳ ಬಣ್ಣ ಎಲ್ಲ ಕಡೆಯೂ ಒಂದೇ: ಕೆಂಪು, ಕಪ್ಪು ಹಳಿಗೆ, ಕಿತ್ತಳೆ, ಬೂದು ಮೋಟರಿಗೆ. ಆದರೆ ಹಳೆಯ ಎಂಜಿನ್ನುಗಳಲ್ಲಿ ಮೋಟರಿನ ಒಂದು ಬ್ರಷ್ ನೇರವಾಗಿ ಲೋಹದ ಚಾಸಿಗೇ ತಾಗಿರುತ್ತದೆ, ಚಾಸಿ ಹಳಿಗೆ ತಾಗಿರುತ್ತದೆ. ಹಾಗೇ ಡಿಕೋಡರ್ ಹಾಕಿದರೆ ಹಳಿಯ ಕರೆಂಟು ಹಿಂಬಾಗಿಲಿನಿಂದ ನುಗ್ಗಿ ಅದನ್ನು ಸುಡುತ್ತದೆ. ಮೋಟರ್ ಬಿಚ್ಚಿ, ವೈಂಡಿಂಗಿಗೆ ಬಳಸುವ ಇನ್ಸುಲೇಷನ್ ಕಾಗದವನ್ನೇ ಸಣ್ಣಗೆ ಕತ್ತರಿಸಿ, ಬ್ರಷ್ಷಿನ ಕೆಳಗೆ ತೂರಿಸಿ, ಮಲ್ಟಿಮೀಟರಿನಲ್ಲಿ ಅಳೆದು, ಚಾಸಿಗೂ ಮೋಟರಿಗೂ ಸಂಬಂಧ ಪೂರ್ತಿ ಕಡಿದಿದೆ ಎಂದು ಖಾತ್ರಿಯಾದ ಮೇಲೆ ಬೋರ್ಡ್ ಕೂರಿಸಬೇಕು. ಆ ಇಕ್ಕಟ್ಟಿನಲ್ಲಿ ಎರಡು ಎಂಜಿನ್ನುಗಳಿಗೆ ಇದನ್ನು ಮಾಡಿ ಮುಗಿಸುವಷ್ಟರಲ್ಲಿ ಕಣ್ಣು ಸೋತಿತು.

ಸಂದೇಶ ಕಳಿಸುವುದು ಕಾಲದ ಲೆಕ್ಕ. ಒಂದು ದಿಕ್ಕಿನಲ್ಲಿ 58 ಮೈಕ್ರೋಸೆಕೆಂಡ್, ಇನ್ನೊಂದು ದಿಕ್ಕಿನಲ್ಲಿ 58 ಇದ್ದರೆ ಅದು 'ಒಂದು'. ನೂರು, ನೂರು ಇದ್ದರೆ 'ಸೊನ್ನೆ'. ಒಂದು ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಮೊದಲು ಕನಿಷ್ಠ 14 'ಒಂದು'ಗಳ ಸಾಲು ಹೋಗಬೇಕು, ಡಿಕೋಡರ್ ಎಚ್ಚೆತ್ತುಕೊಳ್ಳಲು. ಆಮೇಲೆ ಎಂಜಿನ್ನಿನ ನಂಬರ್, ಆಮೇಲೆ ವೇಗ, ದಿಕ್ಕಿನ ಆಜ್ಞೆ, ಕೊನೆಗೆ ಇವನ್ನೆಲ್ಲ ತಾಳೆ ನೋಡುವ ಒಂದು ಸಂಖ್ಯೆ. ತಾಳೆಯಾಗದಿದ್ದರೆ ಡಿಕೋಡರ್ ಆ ಆಜ್ಞೆಯನ್ನು ಕೈಬಿಡುತ್ತದೆ. ಗ್ರೆಗ್ ಬರ್ಮನ್ ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿರುವ ಡಿಸಿಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಂ ಇದೆ. ಅದನ್ನು ಓದಿ ಅರ್ಥಮಾಡಿಕೊಂಡು ಅಳಿಯ ನಮಗೆ ಬೇಕಾದಷ್ಟನ್ನೇ ಬರೆದ. ಆರ್ಡ್ವಿನೋ ಒಂದು ಪಿನ್ನಿನಲ್ಲಿ ಈ ಏರಿಳಿತವನ್ನು ಕೊಡುತ್ತಿತ್ತು. ಡ್ರೈವರಿಗೆ ಪರಸ್ಪರ ವಿರುದ್ಧವಾದ ಎರಡು ಸಿಗ್ನಲ್ ಬೇಕಾದ್ದರಿಂದ ನಡುವೆ ಒಂದು ಇನ್ವರ್ಟರ್ ಚಿಪ್ ಹಾಕಿದೆವು. ಈ ಚಿಪ್ಪನ್ನು ಓದುಗರು ನೆನಪಿಡಬೇಕು.

ಲಿವರನ್ನು ಭಾಮೈದನೇ ಹೊನ್ನೆ ಮರದಲ್ಲಿ ಕಡೆದುಕೊಟ್ಟ. ಅದರ ಬುಡಕ್ಕೆ 10 ಕಿಲೋಓಮ್‌ನ ಪೊಟೆನ್ಷಿಯೋಮೀಟರ್, ಪಕ್ಕಕ್ಕೆ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗ್. ತಳ್ಳಿದಷ್ಟೂ ವೇಗ, ಕೈ ಬಿಟ್ಟರೆ ಸ್ಪ್ರಿಂಗ್ ಎಳೆದು ಸೊನ್ನೆಗೆ ತರುತ್ತದೆ, ರೈಲು ನಿಲ್ಲುತ್ತದೆ. ಎರಡು ಎಂಜಿನ್ನಿಗೆ ಎರಡು ಲಿವರ್. ಬಲಗೈಯದು ಅಪ್ಪನ ರೈಲು, ಎಡಗೈಯದು ಎದುರಿನ ರೈಲು.

ಮೊದಲ ಸಲ ಅಪ್ಪ ಬಲಗೈಯನ್ನು ಎಡಗೈಯಿಂದ ಎತ್ತಿ ಲಿವರಿನ ಮೇಲಿಟ್ಟುಕೊಂಡರು. ಭುಜ ಮುಂದೆ ಬಂತು, ಮೊಣಕೈ ನಡುಗಿತು, ಲಿವರ್ ಬೆರಳಗಲ ಸರಿಯಿತು. ಎಂಜಿನ್ ಶ್ರೀರಂಗಪಟ್ಟಣ ಬಿಟ್ಟು ಹೊರಟಿತು. ಆ ದಿನದಿಂದ ಯಾರೂ ಅಪ್ಪನಿಗೆ ಕೈ ಆಡಿಸು ಎಂದು ಹೇಳಬೇಕಾಗಲಿಲ್ಲ. ಬೆಳಗಿನ ಕಾಫಿ ಆದ ಕೂಡಲೇ ಕುರ್ಚಿ ಎಳೆಯಲು ಸನ್ನೆ ಮಾಡುತ್ತಿದ್ದರು. ತಿಂಗಳು ಕಳೆದಂತೆ ಮೊಣಕೈ ಬಿಚ್ಚಿತು. ಮಾತಿನಲ್ಲೂ ಒಂದೊಂದೇ ತುಂಡು ಮರಳತೊಡಗಿತು. ಅವ್ವ ದೇವರಿಗೆ ಹರಕೆ ತೀರಿಸುವ ದಿನ ಗೊತ್ತುಮಾಡತೊಡಗಿದಳು.

ಕಬ್ಬು ಅರೆಯುವ ಕಾಲ ಬಂತು. ನಮ್ಮ ಸುತ್ತಮುತ್ತ ಆಲೆಮನೆಗಳು ಬಹಳ. ಗಾಣದ ದೊಡ್ಡ ಮೋಟರು ಚಾಲೂ ಆದಾಗ ಮನೆಯ ದೀಪ ಮಂಕಾಗಿ ಮತ್ತೆ ಹೊತ್ತಿಕೊಳ್ಳುವುದು ನಮಗೆ ರೂಢಿ. ಒಂದು ಸಂಜೆ ದೀಪ ಹಾಗೇ ಮಿಣುಕಿತು. ಅಕ್ಕಿಹೆಬ್ಬಾಳಿನಿಂದ ನಿಧಾನವಾಗಿ ಬರುತ್ತಿದ್ದ ಎಂಜಿನ್ ಒಮ್ಮೆಲೇ ಹುಚ್ಚು ಹಿಡಿದಂತೆ ನುಗ್ಗಿತು. ಅಪ್ಪ ಲಿವರ್ ಬಿಟ್ಟುಬಿಟ್ಟಿದ್ದರು, ಆದರೂ ಅದು ನಿಲ್ಲಲಿಲ್ಲ. ತಿರುವಿನಲ್ಲಿ ಹಳಿ ಬಿಟ್ಟು ಮೇಜಿನ ಅಂಚಿಗೆ ಹಾರಿತು. ಅಪ್ಪ ಅದನ್ನು ಹಿಡಿಯಲು ಎಡಗೈ ಚಾಚಿದರು. ಬಲಗಾಲು ಮೈಭಾರ ತಡೆಯಲಿಲ್ಲ. ಎಂಜಿನ್ನಿನ ಜೊತೆಗೆ ಅವರೂ ಕುರ್ಚಿಯಿಂದ ಕೆಳಗೆ ಬಿದ್ದರು, ಅದೂ ಬಲಭುಜದ ಮೇಲೆ.

ಮೂಳೆ ಮುರಿದಿರಲಿಲ್ಲ. ಆದರೆ ಭುಜ ಊದಿಕೊಂಡಿತು, ಕೈಯನ್ನು ಜೋಳಿಗೆಯಲ್ಲಿ ಕಟ್ಟಿಟ್ಟರು. ಅಷ್ಟು ತಿಂಗಳು ಕಷ್ಟಪಟ್ಟು ಬಿಚ್ಚಿದ ಮೊಣಕೈ ಮತ್ತೆ ಬಿಗಿದುಕೊಂಡಿತು. ನೋವಿಗೆ ರಾತ್ರಿ ನಿದ್ದೆ ಇಲ್ಲ. ಹೊರಳಲೂ ಆಗದೆ ಹಲ್ಲು ಕಚ್ಚಿ ಮಲಗಿರುತ್ತಿದ್ದರು. ಅವ್ವ ಮೇಜಿನ ಮೇಲೆ ಹಳೆಯ ಸೀರೆ ಹೊದಿಸಿದಳು. "ಈ ಸಾವಾಸ ಸಾಕು ಕಣ್ ಮಗ. ಉಳಿದಿರೊ ಕೈಯನ್ನೂ ಕಳಕಂಡನು ನಿಮ್ಮಪ್ಪ" ಅಂದಳು. ನನ್ನ ಹೆಂಡತಿ ಏನೂ ಅನ್ನಲಿಲ್ಲ, ಆದರೆ ಸೋಲ್ಡರಿಂಗ್ ಐರನ್ ಎತ್ತಿ ಅಟ್ಟಕ್ಕೆ ಹಾಕಿದಳು. ಅಂಗಡಿ ತೆರೆದಿತ್ತು, ಸಾಲ ಬೆಳೆದಿತ್ತು, ಹಗಲೆಲ್ಲ ಪಂಪ್‌ಸೆಟ್ ಮೋಟರು ಸುತ್ತುತ್ತಿದ್ದೆ. ಕೈ ತಂತಿ ಸುತ್ತುತ್ತಿದ್ದರೆ ತಲೆಯಲ್ಲಿ ಒಂದೇ ಪ್ರಶ್ನೆ: ಲಿವರ್ ಬಿಟ್ಟರೂ ಅದು ಯಾಕೆ ನಿಲ್ಲಲಿಲ್ಲ?

ಅಳಿಯನಿಗೆ ಫೋನ್ ಮಾಡಿದೆ. ಬಂದ. ಮೇಜಿನ ಸುತ್ತ ದಿಂಬು ಜೋಡಿಸಿ ಎಂಜಿನ್ ಓಡಿಸಿ ನೋಡಿದೆವು. ಎಷ್ಟು ಹೊತ್ತು ಓಡಿಸಿದರೂ ಸರಿಯಾಗೇ ಓಡುತ್ತಿತ್ತು. ಪ್ರೋಗ್ರಾಂ ಸರಿ, ಲಿವರ್ ಸರಿ, ಡಿಕೋಡರ್ ಸರಿ. ಅವನ ಕಾಲೇಜಿನಿಂದ ಆಸಿಲೋಸ್ಕೋಪ್ ಎರವಲು ತಂದು ಹಳಿಗೆ ಹಿಡಿದೆವು, 58, 100, ಗೆರೆ ಎಳೆದಂತೆ ಇತ್ತು. ಕಾಣಿಸದ ದೋಷದಷ್ಟು ಮನುಷ್ಯನನ್ನು ಹಿಂಡುವುದು ಬೇರೊಂದಿಲ್ಲ. ಕೆಟ್ಟದ್ದು ಕೆಟ್ಟೇ ಇದ್ದರೆ ಹುಡುಕಬಹುದು, ಎರಡು ಸೆಕೆಂಡ್ ಕೆಟ್ಟು ಆಮೇಲೆ ತಾನೇ ಸರಿಹೋಗುವುದನ್ನು ಎಲ್ಲಿ ಅಂತ ಹುಡುಕುವುದು?

ದೀಪ ಮಿಣುಕಿದ್ದು ನೆನಪಾದದ್ದು ಹೆಂಡತಿಗೆ. "ಆವತ್ತು ಕರೆಂಟು ಕುಯ್ಯಂತ ಕಮ್ಮಿ ಆಯ್ತಲ್ಲ, ಆಗ್ಲೇ ಅದು ಓಡಿದ್ದು" ಅಂದಳು. ಅಳಿಯ ಒಂದು ಗಳಿಗೆ ಸುಮ್ಮನಿದ್ದು, ಓಡುತ್ತಿದ್ದ ಎಂಜಿನ್ ನೋಡುತ್ತಲೇ ಆರ್ಡ್ವಿನೋದ ರೀಸೆಟ್ ಗುಂಡಿ ಒತ್ತಿದ. ಎಂಜಿನ್ ಬಾಣದಂತೆ ಚಿಮ್ಮಿ ದಿಂಬಿಗೆ ಹೋಗಿ ಗುದ್ದಿತು. "ಮಾವ, ಸಿಕ್ತು" ಅಂದ.

ಆಗಿದ್ದು ಇಷ್ಟು. ಆರ್ಡ್ವಿನೋಗೆ ಕರೆಂಟು ಕೊಡುತ್ತಿದ್ದುದು ಒಂದು ಹಳೆಯ ಮೊಬೈಲ್ ಚಾರ್ಜರ್. ವೋಲ್ಟೇಜ್ ಕುಸಿದಾಗ ಆರ್ಡ್ವಿನೋ ಸತ್ತು ಹುಟ್ಟುತ್ತದೆ. ಹುಟ್ಟಿ ಪ್ರೋಗ್ರಾಂ ಶುರುವಾಗುವವರೆಗೆ ಸಿಗ್ನಲ್ ಪಿನ್ನಿನಲ್ಲಿ ಏರಿಳಿತ ಇರುವುದಿಲ್ಲ. ಆದರೆ ಇನ್ವರ್ಟರ್ ಚಿಪ್ ಡ್ರೈವರಿನ ಎರಡು ಕಡೆಗೂ ವಿರುದ್ಧ ಮಟ್ಟವನ್ನು ಕೊಡುತ್ತಲೇ ಇರುತ್ತದೆ. ಅಂದರೆ ಹಳಿಯ ಮೇಲೆ ದಿಕ್ಕು ಬದಲಿಸದ, ಪೂರ್ತಿ ವೋಲ್ಟೇಜಿನ ಡಿಸಿ ನಿಲ್ಲುತ್ತದೆ. ಡಿಕೋಡರುಗಳು ಹಳೆಯ ಡಿಸಿ ಹಳಿಯ ಮೇಲೂ ಓಡಲಿ ಎಂದು ತಯಾರಕರು ಸಾಮಾನ್ಯವಾಗಿ ಒಂದು ಅನುಕೂಲ ಇಟ್ಟಿರುತ್ತಾರೆ. ಸಂದೇಶ ಬಾರದೆ ಬರೀ ಡಿಸಿ ಕಂಡರೆ, ಇದು ಹಳೆಯ ಪದ್ಧತಿ ಎಂದುಕೊಂಡು ಆ ವೋಲ್ಟೇಜಿಗೆ ತಕ್ಕ ವೇಗದಲ್ಲಿ ಓಡುತ್ತವೆ. ಪೂರ್ತಿ ವೋಲ್ಟೇಜಿಗೆ ಪೂರ್ತಿ ವೇಗ. ಆ ಹೊತ್ತಿನಲ್ಲಿ ಲಿವರಿನ ಮಾತು ಕೇಳುವವರು ಯಾರೂ ಇರುವುದಿಲ್ಲ.

ಕಾರಣ ಸಿಕ್ಕಿದ ಮೇಲೆ ಪರಿಹಾರ ಸುಲಭ ಎಂದುಕೊಂಡೆವು. ಒಳ್ಳೆಯ ಚಾರ್ಜರ್ ಹಾಕಿದರೆ ಆಯಿತು ಎಂದು ಅಳಿಯ. ಕೈ ಜೋಳಿಗೆಯಲ್ಲಿದ್ದ ಅಪ್ಪ ಮಂಚದಿಂದಲೇ ಎಲ್ಲ ಕೇಳುತ್ತಿದ್ದರು. ಮೇಜಿನ ಹತ್ತಿರ ಕರೆದೊಯ್ಯಿ ಎಂದು ಸನ್ನೆ ಮಾಡಿದರು. ಅವ್ವ ಬೇಡವೆಂದಳು, ಅವರು ಕೇಳಲಿಲ್ಲ. ಕುರ್ಚಿಗೆ ಕೂರಿಸಿ, ಸೊಂಟಕ್ಕೆ ಟವೆಲ್ ಕಟ್ಟಿ, ಎಂಜಿನ್ ನಿಧಾನವಾಗಿ ಬಿಟ್ಟೆವು. ಅಪ್ಪ ಎಡಗೈಯಿಂದ ಚಾರ್ಜರಿನ ತಂತಿಯನ್ನು ಹಿಡಿದು ನನ್ನ ಮುಖ ನೋಡಿದರು.

"ಕಿತ್ರೆ?"

ಒಂದು ಪದಕ್ಕೆ ಎಷ್ಟೋ ಹೊತ್ತು ಹಿಡಿಯುತ್ತಿದ್ದ ನಾಲಗೆಯಿಂದ ಅದು ಸ್ಪಷ್ಟವಾಗಿ ಬಂತು. ನಾನು ಉತ್ತರಿಸುವ ಮೊದಲೇ ಕಿತ್ತರು. ಎಂಜಿನ್ ನುಗ್ಗಿತು, ಅಳಿಯ ಹಿಡಿದುಕೊಂಡ. ಆಮೇಲೆ ಸಿಗ್ನಲ್ ತಂತಿ. "ಕಿತ್ರೆ?" ಕಿತ್ತರು, ನುಗ್ಗಿತು. ಲಿವರಿನಿಂದ ಬರುವ ಮೂರು ತಂತಿಗಳನ್ನು ಒಂದೊಂದಾಗಿ ಹಿಡಿದರು. ನೆಗೆಟಿವ್ ಕಿತ್ತಾಗ, ಲಿವರ್ ಸೊನ್ನೆಯಲ್ಲಿದ್ದರೂ, ಎಂಜಿನ್ ಪೂರ್ತಿ ವೇಗಕ್ಕೆ ಹೋಯಿತು. ಅದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ನೆಗೆಟಿವ್ ಹೋದರೆ ಪೊಟೆನ್ಷಿಯೋಮೀಟರಿನ ನಡುವಿನ ಕಾಲು 5 ವೋಲ್ಟಿಗೆ ಏರುತ್ತದೆ, 5 ವೋಲ್ಟ್ ಎಂದರೆ ಆರ್ಡ್ವಿನೋಗೆ ಗರಿಷ್ಠ ವೇಗ. ಅಪ್ಪ ಆ ತಂತಿಯನ್ನು ಕೈಯಲ್ಲೇ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡಿದರು.

ಅವರು ಆಯುಸ್ಸಿಡೀ ಮಾಡಿದ್ದು ಅದನ್ನೇ. ಹಳೆಯ ಕೈಮರದ ಸಿಗ್ನಲ್ ಅಡ್ಡವಾಗಿ ನಿಂತಿದ್ದರೆ 'ನಿಲ್ಲು', ಕೆಳಗೆ ಬಾಗಿದರೆ 'ಹೋಗು'. ತಂತಿ ಎಳೆದಾಗ ಮಾತ್ರ ಅದು ಬಾಗುತ್ತದೆ. ನಡುವೆ ತಂತಿ ಕಡಿದರೆ ಕಂಬದ ಮೇಲಿನ ಎದುರು ತೂಕ ಕೈಮರವನ್ನು ಎತ್ತಿ 'ನಿಲ್ಲು'ಗೆ ತರುತ್ತದೆ. ಹಳೆಯ ರೈಲುಗಳ ವ್ಯಾಕ್ಯೂಮ್ ಬ್ರೇಕೂ ಹೀಗೆಯೇ: ಕೊಳವೆಯಲ್ಲಿ ನಿರ್ವಾತ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಕೊಳವೆ ಒಡೆದರೆ, ಬೋಗಿ ಕಳಚಿದರೆ ಗಾಳಿ ನುಗ್ಗಿ ಬ್ರೇಕ್ ಬೀಳುತ್ತದೆ. ಏಕಮಾರ್ಗದ ಟೋಕನ್ನೂ ಅಷ್ಟೇ: ಕೈಗೆ ಟೋಕನ್ ಬಾರದಿದ್ದರೆ ಡ್ರೈವರ್ ಹೊರಡುವಂತಿಲ್ಲ. ಓಡಲು ಅಪ್ಪಣೆ ಬೇಕು, ನಿಲ್ಲಲು ಯಾರ ಅಪ್ಪಣೆಯೂ ಬೇಡ. ನಮ್ಮ ಕಂಟ್ರೋಲರಿನಲ್ಲಿ ಇದು ತಿರುಗಮುರುಗಾಗಿತ್ತು. ಒಳ್ಳೆಯ ಚಾರ್ಜರ್ ಹಾಕಿದ್ದರೆ ಆ ಒಂದು ಕಾರಣ ಹೋಗುತ್ತಿತ್ತು, ಉಳಿದ ತಂತಿಗಳು ಕಾಯುತ್ತಿದ್ದವು.

ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆವು. ಐರನ್ನನ್ನು ಹೆಂಡತಿಯೇ ಅಟ್ಟದಿಂದ ಇಳಿಸಿಕೊಟ್ಟಳು. ಮೊದಲು ಡ್ರೈವರಿನ ಎನೇಬಲ್ ಕಾಲು. ಮಾರುಕಟ್ಟೆಯ ಬೋರ್ಡಿನಲ್ಲಿ ಅದು ಒಂದು ಜಂಪರ್ ಮೂಲಕ ಯಾವಾಗಲೂ ಚಾಲೂ ಇರುತ್ತದೆ. ಜಂಪರ್ ಕಿತ್ತು, ಆ ಕಾಲಿನಿಂದ ನೆಗೆಟಿವ್‌ಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಈಗ ಯಾರೂ ಏನೂ ಹೇಳದಿದ್ದರೆ ಹಳಿಗೆ ಕರೆಂಟೇ ಇಲ್ಲ. ಆ ಕಾಲನ್ನು ಎತ್ತಿಹಿಡಿಯುವ ಕೆಲಸವನ್ನು ಸಿಗ್ನಲ್ ಪಿನ್ನಿಗೇ ಕೊಟ್ಟೆವು, ಆದರೆ ನೇರವಾಗಿ ಅಲ್ಲ. ನಡುವೆ ಒಂದು ಸಣ್ಣ ಕೆಪಾಸಿಟರ್, ಎರಡು ಡಯೋಡ್, ಇನ್ನೊಂದು ಕೆಪಾಸಿಟರ್. ಸ್ಥಿರವಾದ ಡಿಸಿ ಕೆಪಾಸಿಟರನ್ನು ದಾಟುವುದಿಲ್ಲ, ಏರಿಳಿತ ಮಾತ್ರ ದಾಟುತ್ತದೆ. ಸಂದೇಶ ಹೋಗುತ್ತಿರುವವರೆಗೆ ಎರಡನೆಯ ಕೆಪಾಸಿಟರ್ ತುಂಬಿಕೊಂಡು ಡ್ರೈವರನ್ನು ಎಬ್ಬಿಸಿಟ್ಟಿರುತ್ತದೆ. ಸಂದೇಶ ನಿಂತರೆ ರೆಸಿಸ್ಟರ್ ಅದನ್ನು ಬರಿದು ಮಾಡುತ್ತದೆ, ಹಳಿ ಸಾಯುತ್ತದೆ. ಇದರಲ್ಲಿ ಪ್ರೋಗ್ರಾಂ ಇಲ್ಲ, ಕೆಡಲು ಬುದ್ಧಿಯೂ ಇಲ್ಲ.

ಎರಡನೆಯದು ಡಿಕೋಡರಿನ ಒಳಗಿನ ಆ ಅನುಕೂಲ. ಡಿಕೋಡರಿನಲ್ಲಿ ಸಿವಿ ಎಂಬ ನೆನಪಿನ ಖಾನೆಗಳಿವೆ. 29ನೆಯ ಖಾನೆಯಲ್ಲಿ 6 ಇತ್ತು. ಅದರಲ್ಲಿ 4ರ ಪಾಲು ಡಿಸಿಯಲ್ಲೂ ಓಡು ಎಂಬ ಅನುಮತಿ. ಅದನ್ನು ಕಳೆದು 2 ಎಂದು ಬರೆದೆವು. ಬರೆಯುವಾಗ ಎಂಜಿನ್ನನ್ನು ಬೇರೆ ತುಂಡು ಹಳಿಯ ಮೇಲಿಟ್ಟು, ಕರೆಂಟನ್ನು ಮಿತಿಗೊಳಿಸಿ ಆಜ್ಞೆ ಕಳಿಸಬೇಕು. ಬರೆದಾಯಿತು ಎನ್ನಲು ಡಿಕೋಡರ್ ಮೋಟರನ್ನು ಚಿಟಿಕೆಯಷ್ಟು ಅದುರಿಸಿ 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪಿಯರ್ ಹೆಚ್ಚು ಎಳೆಯುತ್ತದೆ. ಅದೇ ಅದರ ಉತ್ತರ.

ಮೂರನೆಯದು ಲಿವರ್. ಪೊಟೆನ್ಷಿಯೋಮೀಟರಿನ ನಡುಭಾಗವನ್ನು ಮಾತ್ರ ಲಿವರ್ ತಿರುಗಿಸುವಂತೆ ಮರದಲ್ಲೇ ತಡೆ ಕೊಟ್ಟೆವು. ಆರ್ಡ್ವಿನೋ 0ಯಿಂದ 1023ರವರೆಗೆ ಓದಬಲ್ಲದು, ನಾವು 200ರಿಂದ 800ರವರೆಗೆ ಮಾತ್ರ ಒಪ್ಪುತ್ತೇವೆ. ಅದರಾಚೆ ಏನು ಬಂದರೂ ತಂತಿ ಕಿತ್ತಿದೆ ಎಂದರ್ಥ, ತುರ್ತು ನಿಲುಗಡೆಯ ಆಜ್ಞೆ ಹೋಗುತ್ತದೆ. ನಡುವಿನ ಕಾಲು ಕಿತ್ತರೆ ತೇಲದಿರಲಿ ಎಂದು ಆರ್ಡ್ವಿನೋದ ಬಳಿ ಅದಕ್ಕೊಂದು ದೊಡ್ಡ ರೆಸಿಸ್ಟರ್ ನೆಗೆಟಿವ್‌ಗೆ. ನಾಲ್ಕನೆಯದು ಶಾರ್ಟ್. ಹಳಿಗೆ ಹೋಗುವ ಕರೆಂಟನ್ನು ಎಸಿಎಸ್712 ಸೆನ್ಸರ್ ಅಳೆಯುತ್ತದೆ, ಮಿತಿ ಮೀರಿದರೆ ಆರ್ಡ್ವಿನೋ ಅದನ್ನು ಕಡಿಯುತ್ತದೆ. ಇದನ್ನು ಪರೀಕ್ಷಿಸಲು ಹತ್ತು ರೂಪಾಯಿ ನಾಣ್ಯವನ್ನು ಎರಡು ಹಳಿಗೆ ಅಡ್ಡ ಹಾಕಿ, ಉಂಗುರದ ಉದ್ದಕ್ಕೂ ಗೇಣು ಗೇಣಿಗೆ ನೋಡಬೇಕು. ಕೆಲವು ಕಡೆ ಕಡಿಯಲಿಲ್ಲ, ನಾಣ್ಯ ಬಿಸಿಯಾಯಿತು. ಹಳಿಯ ಜೋಡಣೆಗಳಲ್ಲೇ ತಡೆ ಹೆಚ್ಚಾಗಿ, ಶಾರ್ಟ್ ಆದರೂ ಸೆನ್ಸರಿಗೆ ತಿಳಿಯುವಷ್ಟು ಕರೆಂಟು ಹರಿಯುತ್ತಿರಲಿಲ್ಲ. ಮೇಜಿನ ಕೆಳಗೆ ದಪ್ಪ ತಂತಿ ಎಳೆದು ಪ್ರತಿ ಹಳಿ ತುಂಡಿಗೂ ಕವಲು ಬೆಸೆದ ಮೇಲೆ ಎಲ್ಲಿ ಹಾಕಿದರೂ ಕಡಿಯತೊಡಗಿತು. ಅದಕ್ಕಾಗಿ ಮೇಜಿನಡಿ ಅಂಗಾತ ಮಲಗಿ ಕೆಲಸ ಮಾಡಿದೆ. ಕರಗಿದ ಸೀಸದ ಹನಿಗಳ ಗುರುತು ಕುತ್ತಿಗೆಯ ಮೇಲೆ ಇನ್ನೂ ಇದೆ.

ಕೊನೆಯ ಪರೀಕ್ಷೆ ಅಪ್ಪನದು. ಎರಡು ಎಂಜಿನ್ನೂ ಓಡುತ್ತಿರುವಾಗ ಒಂದೊಂದೇ ತಂತಿ ಹಿಡಿದು ಕಿತ್ತರು. ನಿಂತಿತು. ರೀಸೆಟ್ ಒತ್ತಿದರು, ನಿಂತಿತು. ಮೇನ್ ಸ್ವಿಚ್ಚನ್ನು ಟಪಟಪ ಆಡಿಸಿದರು, ನಿಂತಿತು. ಯಾವ ತಂತಿಯೂ ಉಳಿಯದ ಮೇಲೆ ಅವ್ವನ ಕಡೆ ತಿರುಗಿ ತಲೆಯಾಡಿಸಿದರು. ಅವ್ವ ಸೀರೆಯನ್ನು ಮಡಿಸಿ ಒಳಗಿಟ್ಟಳು.

ಭುಜ ವಾಸಿಯಾಗಲು ಬಹಳ ಕಾಲ ಹಿಡಿಯಿತು, ಕೈಯ ಕೆಲಸ ಮತ್ತೆ ಮೊದಲಿಂದ. ರೈಲಿನಿಂದಲೇ ಕೈ ಬಂತು ಎಂದು ನಾನು ಹೇಳುವುದಿಲ್ಲ. ಫಿಜಿಯೋಥೆರಪಿಯವರು ಮತ್ತೆ ಬರತೊಡಗಿದರು, ಅವರ ಶ್ರಮ ದೊಡ್ಡದು. ಆದರೆ ದಿನಕ್ಕೆ ನೂರಾರು ಸಲ ಎಂದು ಅವರು ಹೇಳಿದ್ದು ನಮ್ಮ ಮನೆಯಲ್ಲಿ ನಡೆದದ್ದು ಆ ಲಿವರಿನ ಮೇಲೆ. ಈಗ ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ, ಅಂಗಿಗೆ ಬಲಗೈ ತಾವೇ ತೂರಿಸುತ್ತಾರೆ. ಬರೆಯಲು ಆಗುವುದಿಲ್ಲ. ಪಾಂಡವಪುರದ ಲೂಪಿನಲ್ಲಿ ಒಂದು ಗಾಡಿ ತಡೆದು ಇನ್ನೊಂದನ್ನು ಬಿಡುವುದನ್ನು ಯಾರ ನೆರವೂ ಇಲ್ಲದೆ ಮಾಡುತ್ತಾರೆ.

ಲಕ್ವ ಹೊಡೆದವರು, ಕೈ ನಡುಗುವವರು ಇರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆ ಇಲ್ಲ. ಅವರಿಗಾಗಿ ಮನೆಯವರೇ ಏನಾದರೂ ಯಂತ್ರ ಕಟ್ಟುವುದೂ ಇದೆ: ಮಂಚ ಎತ್ತುವ ಮೋಟರು, ಗಾಲಿಕುರ್ಚಿಗೆ ಬ್ಯಾಟರಿ, ಕರೆಗಂಟೆ. ಕಟ್ಟುವವರಿಗೆ ನನ್ನ ಬೇಡಿಕೆ ಒಂದೇ. ಅದು ಓಡಿದ ದಿನ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಓಡುತ್ತಿರುವಾಗ ಒಂದೊಂದೇ ತಂತಿ ಕಿತ್ತು ನೋಡಿ, ಕರೆಂಟು ಆಡಿಸಿ ನೋಡಿ. ಪ್ರತಿ ಸಲವೂ ತಾನಾಗಿ ನಿಂತರೆ ಮಾತ್ರ ನಿಮ್ಮವರ ಕೈಗೆ ಕೊಡಿ. ಬಿದ್ದರೆ ಎದ್ದು ನಿಲ್ಲುವ ಶಕ್ತಿ ಅವರಿಗಿರುವುದಿಲ್ಲ, ಆದ್ದರಿಂದ ನಿಲ್ಲುವ ಶಕ್ತಿ ಯಂತ್ರಕ್ಕೆ ಇರಲೇಬೇಕು.